ಯಕೃತ್ತಿನ ಕೀವುಬಾವು: ಸೋಂಕು ಬಂದ ದಾರಿಯನ್ನು ಲಕ್ಷಣಗಳಿಂದ ಗುರುತಿಸುವ ಬಗೆ

ಯಕೃತ್ತು ತಾನಾಗಿ ಕೀವುಗಟ್ಟುವ ಅಂಗವಲ್ಲ. ಅದಕ್ಕೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲನ್ನು ಕರುಳಿನ ಕಡೆಯಿಂದ ಹೊರಟ ಪೋರ್ಟಲ್ ಅಭಿಧಮನಿ ತರುತ್ತದೆ. ಉಳಿದ ಕಾಲು ಪಾಲು ಅಪಧಮನಿಯ ಮೂಲಕ ಬರುತ್ತದೆ. ಅದು ತಯಾರಿಸಿದ ಪಿತ್ತರಸ ನಾಳಗಳಲ್ಲಿ ಕೆಳಗಿಳಿದು ಸಣ್ಣ ಕರುಳನ್ನು ಸೇರುತ್ತದೆ. ಕರುಳಿನ ರಕ್ತದೊಂದಿಗೆ ಒಂದಿಷ್ಟು ಬ್ಯಾಕ್ಟೀರಿಯಾಗಳು ಯಕೃತ್ತಿಗೆ ಬರುತ್ತಲೇ ಇರುತ್ತವೆ, ಅಲ್ಲಿನ ಕುಪ್ಫರ್ ಕೋಶಗಳು ಅವನ್ನು ನುಂಗಿ ಹಾಕುತ್ತಲೇ ಇರುತ್ತವೆ. ಆ ಕಾವಲನ್ನು ಮೀರುವಷ್ಟು ಬ್ಯಾಕ್ಟೀರಿಯಾಗಳು ಬಂದಾಗ, ಪಿತ್ತ ಹರಿಯದೆ ಕಟ್ಟಿಕೊಂಡಾಗ, ಅಥವಾ ಸಕ್ಕರೆ ಕಾಯಿಲೆಯಂಥ ಕಾರಣದಿಂದ ಕಾವಲೇ ದುರ್ಬಲವಾದಾಗ ಬಾವು ಏಳುತ್ತದೆ. ಆಸ್ಪತ್ರೆಗಳಲ್ಲಿ ಲಿವರ್ ಆಬ್ಸೆಸ್ ಎನ್ನುವುದು, ಮನೆಗಳಲ್ಲಿ ಲಿವರ್‌ನಲ್ಲಿ ಕೀವು ತುಂಬಿದೆ ಎನ್ನುವುದು ಇದನ್ನೇ. ಬಾವು ಯಾವ ದಾರಿಯಿಂದ ಬಂತು ಎಂಬುದರ ಮೇಲೆ ಅದು ಒಂದೇ ಇರುತ್ತದೆಯೋ ಹಲವಿರುತ್ತವೆಯೋ, ಜ್ವರ ಗಂಟೆಗಳಲ್ಲಿ ಏರುತ್ತದೆಯೋ ವಾರಗಟ್ಟಲೆ ಎಳೆಯುತ್ತದೆಯೋ, ಕಾಮಾಲೆ ಕಾಣುತ್ತದೆಯೋ ಇಲ್ಲವೋ ಎಂಬುದೆಲ್ಲ ಬಹುಮಟ್ಟಿಗೆ ನಿಂತಿದೆ. ಆದ್ದರಿಂದ ಈ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಬರೀ ಪರೀಕ್ಷೆಯ ಓದಿಗಾಗಿ ಮಾಡುವ ಕೆಲಸವಲ್ಲ. ಕೀವು ತೆಗೆದರೆ ಸಾಕೇ, ಪಿತ್ತನಾಳ ಬಿಡಿಸಬೇಕೇ, ಕಣ್ಣಿನ ವೈದ್ಯರನ್ನು ಇಂದೇ ಕರೆಯಬೇಕೇ ಎಂಬ ತೀರ್ಮಾನಗಳು ಅದರಿಂದಲೇ ಬರುತ್ತವೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರನ್ನೂ, ಮನೆಯಲ್ಲೊಬ್ಬರಿಗೆ ಈ ಕಾಯಿಲೆ ಬಂದು ಸ್ಕ್ಯಾನಿಂಗ್ ವರದಿಯ ಸಾಲುಗಳನ್ನು ಅರ್ಥಮಾಡಿಕೊಳ್ಳಲು ಹೆಣಗುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಔಷಧದ ಪ್ರಮಾಣಗಳನ್ನು ಬೇಕೆಂದೇ ಹೆಚ್ಚು ಹೇಳಿಲ್ಲ. ಅವನ್ನು ರೋಗಿಯ ಮೂತ್ರಪಿಂಡದ ಸ್ಥಿತಿಯನ್ನೂ ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ವರದಿಯನ್ನೂ ಕಣ್ಣಾರೆ ನೋಡಿದವರು ನಿರ್ಧರಿಸಬೇಕು.

ದಾರಿ ಯಾವುದಾದರೂ ಸಾಮಾನ್ಯವಾಗಿ ಕಾಣುವುದು

ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿಗೆ ಜ್ವರ ಇರುತ್ತದೆ. ಹೊಟ್ಟೆನೋವು ಅರ್ಧದಿಂದ ಮುಕ್ಕಾಲು ಪಾಲು ಮಂದಿಯಲ್ಲಿ ಮಾತ್ರ ಸಿಗುತ್ತದೆ, ಬಲಪಕ್ಕೆಲುಬಿನ ಕೆಳಗೆ ಒತ್ತಿದಾಗ ನೋವು ಅಥವಾ ಯಕೃತ್ತು ದಪ್ಪಗಾಗಿರುವುದು ಕಾಣುವುದು ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ. ಎಂದರೆ, ಹೊಟ್ಟೆ ಮುಟ್ಟಿ ನೋಡಿ ಏನೂ ಇಲ್ಲವೆಂದು ಬಿಟ್ಟವರಲ್ಲೂ ಬಾವು ಇರಬಹುದು. ಬಾವು ವಪೆಗೆ ತಾಗಿಕೊಂಡಿದ್ದರೆ ಒಣಕೆಮ್ಮು, ಬಿಕ್ಕಳಿಕೆ, ಬಲಭುಜದ ನೋವು ಬರುತ್ತವೆ, ಬಲ ಎದೆಯ ತಳದಲ್ಲಿ ನೀರು ಸೇರುತ್ತದೆ. ಇಂಥವರು ನ್ಯುಮೋನಿಯಾ ಎಂಬ ಹೆಸರಿನಲ್ಲಿ ಒಂದು ವಾರ ಚಿಕಿತ್ಸೆ ಪಡೆದು ಬಂದಿರುತ್ತಾರೆ. ವಯಸ್ಸಾದವರಲ್ಲಿ ಜ್ವರವೂ ಎದ್ದು ಕಾಣದೆ ಬರೀ ನಿಶ್ಶಕ್ತಿ, ಹಸಿವಿಲ್ಲದಿರುವುದು, ತೂಕ ಇಳಿಯುವುದು ಇಷ್ಟೇ ಇರಬಹುದು.

ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಏರಿರುತ್ತವೆ, ಆಲ್ಬುಮಿನ್ ಇಳಿದಿರುತ್ತದೆ, ಹೆಚ್ಚಿನವರಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರಿರುತ್ತದೆ. ರಕ್ತದ ಕಲ್ಚರ್ ಅರ್ಧದಷ್ಟು ರೋಗಿಗಳಲ್ಲಿ ಬ್ಯಾಕ್ಟೀರಿಯಾವನ್ನು ತೋರಿಸಿಕೊಡುತ್ತದೆ, ಆದರೆ ಆ್ಯಂಟಿಬಯೋಟಿಕ್ ಕೊಡುವ ಮೊದಲೇ ರಕ್ತ ತೆಗೆದಿರಬೇಕು. ನಮ್ಮಲ್ಲಿ ಹತ್ತು ದಿನದ ಜ್ವರ ಎಂದೊಡನೆ ಟೈಫಾಯಿಡ್‌ಗಾಗಿ ವೈಡಾಲ್ ಎಂಬ ರಕ್ತಪರೀಕ್ಷೆ ಮಾಡಿಸಿ, ಅದು ಸ್ವಲ್ಪ ಏರಿದ್ದರೆ ಟೈಫಾಯಿಡ್ ಎಂದು ತೀರ್ಮಾನಿಸಿ, ಇಂಜೆಕ್ಷನ್ ಶುರುಮಾಡಿ, ಹೊಟ್ಟೆಯ ಸ್ಕ್ಯಾನಿಂಗ್ ಅನ್ನು ಕೊನೆಗೆ ಬಿಡುವ ರೂಢಿ ಇದೆ. ಈ ಕಾಯಿಲೆಯ ವಿಷಯದಲ್ಲಿ ಆ ಕ್ರಮ ತಲೆಕೆಳಗಾಗಬೇಕೆಂದು ನಾನು ಬಲವಾಗಿ ನಂಬಿದ್ದೇನೆ: ಮೊದಲು ಕಲ್ಚರ್‌ಗೆ ರಕ್ತ, ಅಂದೇ ಅಲ್ಟ್ರಾಸೌಂಡ್, ಆಮೇಲೆ ಇಂಜೆಕ್ಷನ್. ರೋಗಿ ಸೆಪ್ಸಿಸ್‌ನಲ್ಲಿದ್ದರೆ (ಸೋಂಕಿನಿಂದ ಅಂಗಗಳು ಕುಸಿಯುತ್ತಿರುವ ಸ್ಥಿತಿ) ಮಾತ್ರ ರಕ್ತ ತೆಗೆದ ಕೂಡಲೇ, ಸ್ಕ್ಯಾನಿಂಗ್‌ಗೂ ಕಾಯದೆ, ಇಂಜೆಕ್ಷನ್ ಕೊಡಬೇಕು.

ಮೊದಲ ಕವಲು: ಬ್ಯಾಕ್ಟೀರಿಯಾವೋ ಅಮೀಬಾವೋ

ಭಾರತದಲ್ಲಿ ಯಕೃತ್ತಿನ ಬಾವು ಎಂದರೆ ಮೊದಲು ನೆನಪಾಗಬೇಕಾದ್ದು ಎರಡು ಸಾಧ್ಯತೆಗಳು. ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಅಮೀಬಾದಿಂದ ಆಗುವ ಬಾವು ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಹರೆಯದ ಗಂಡಸರಲ್ಲಿ, ಅದರಲ್ಲೂ ಮದ್ಯ ಅಥವಾ ಸೇಂದಿ ಕುಡಿಯುವವರಲ್ಲಿ ಕಾಣುತ್ತದೆ. ಬ್ಯಾಕ್ಟೀರಿಯಾದ ಬಾವು ಐವತ್ತು ದಾಟಿದವರಲ್ಲಿ, ಸಕ್ಕರೆ ಕಾಯಿಲೆ, ಪಿತ್ತದ ಕಲ್ಲು ಅಥವಾ ಹೊಟ್ಟೆಯೊಳಗಿನ ಬೇರೊಂದು ರೋಗ ಇರುವವರಲ್ಲಿ ಹೆಚ್ಚು, ಹೆಂಗಸರಲ್ಲೂ ಕಡಿಮೆಯೇನಲ್ಲ. ಅಮೀಬಾದ ಬಾವಿನಲ್ಲಿ ನೋವು ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ, ಪಕ್ಕೆಲುಬುಗಳ ನಡುವೆ ಬೆರಳಿಟ್ಟು ಒತ್ತಿದರೆ ರೋಗಿ ಬೆಚ್ಚಿಬೀಳುತ್ತಾನೆ; ಬ್ಯಾಕ್ಟೀರಿಯಾದ ಬಾವಿನಲ್ಲಿ ನೋವಿಗಿಂತ ನಡುಕ ಹುಟ್ಟಿಸುವ ಚಳಿಜ್ವರವೇ ಮುಂದೆ ನಿಲ್ಲುತ್ತದೆ. ಅಮೀಬಾದ್ದು ಸಾಮಾನ್ಯವಾಗಿ ಒಂದೇ ಬಾವು, ಬಲಹಾಲೆಯಲ್ಲಿ. ಹಲವು ಬಾವುಗಳೂ ಸ್ಪಷ್ಟ ಕಾಮಾಲೆಯೂ ಇದ್ದರೆ ತಕ್ಕಡಿ ಬ್ಯಾಕ್ಟೀರಿಯಾದ ಕಡೆಗೆ ವಾಲುತ್ತದೆ, ಆದರೂ ದೊಡ್ಡ ಅಮೀಬಾ ಬಾವಿನಲ್ಲೂ ಕಾಮಾಲೆ ಬರುವುದುಂಟು.

ಭೇದಿ ಆಗಿಲ್ಲ, ಆದ್ದರಿಂದ ಅಮೀಬಾ ಅಲ್ಲ ಎಂಬ ತರ್ಕ ಮೋಸ ಮಾಡುತ್ತದೆ. ಅಮೀಬಾದ ಬಾವಿರುವವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಮಂದಿಗೆ ಮಾತ್ರ ಅದೇ ವೇಳೆಗೆ ಭೇದಿ ಇರುತ್ತದೆ, ಮಲಪರೀಕ್ಷೆಯಲ್ಲಿ ಅಮೀಬಾ ಸಿಗದಿರುವುದೇ ಹೆಚ್ಚು. ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅಮೀಬಾ ರೋಗಿಗಳಲ್ಲಿ ಪಾಸಿಟಿವ್ ಬರುತ್ತದೆ, ಆದರೆ ಅಮೀಬಾ ಸಾಮಾನ್ಯವಾಗಿರುವ ನಾಡಿನಲ್ಲಿ ಹಳೆಯ ಸೋಂಕಿನ ಗುರುತೂ ವರ್ಷಗಟ್ಟಲೆ ಉಳಿಯುವುದರಿಂದ ಅದು ನೆಗೆಟಿವ್ ಬಂದಾಗಲೇ ಹೆಚ್ಚು ಉಪಯೋಗ. ಸೂಜಿಯಲ್ಲಿ ಬಂದ ಕೀವಿನ ಬಣ್ಣ ಕಂದು, ವಾಸನೆ ಇಲ್ಲ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಬ್ಯಾಕ್ಟೀರಿಯಾ ಇಲ್ಲ ಎಂದಾದರೆ ಅಮೀಬಾ. ಹಳದಿ ಅಥವಾ ಹಸಿರು ಬಣ್ಣದ ನಾರುವ ಕೀವಾದರೆ ಬ್ಯಾಕ್ಟೀರಿಯಾ, ಅದರಲ್ಲೂ ಕೆಟ್ಟ ನಾತವಿದ್ದರೆ ಆಮ್ಲಜನಕವಿಲ್ಲದೆ ಬೆಳೆಯುವ ಬಗೆಯವು.

ಮೆಟ್ರೊನಿಡಜೋಲ್ ಕೊಟ್ಟರೆ ಅಮೀಬಾದ ಬಾವಿನ ಜ್ವರ ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತದೆ. ಇದನ್ನೇ ಪರೀಕ್ಷೆಯಂತೆ ಬಳಸುವವರಿದ್ದಾರೆ. ನನಗೆ ಅದರಲ್ಲಿ ಅಷ್ಟು ವಿಶ್ವಾಸವಿಲ್ಲ, ಏಕೆಂದರೆ ಅದೇ ಔಷಧ ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಮಿಶ್ರ ಸೋಂಕಿರುವ ರೋಗಿ ಅರೆಬರೆ ಚೇತರಿಸಿಕೊಂಡು ವೈದ್ಯರನ್ನು ತಪ್ಪು ದಾರಿಗೆ ಎಳೆಯಬಹುದು. ಖಚಿತವಾಗುವವರೆಗೆ ಸೆಫ್ಟ್ರಿಯಾಕ್ಸೋನ್‌ನಂಥ ಔಷಧದ ಜೊತೆಗೆ ಮೆಟ್ರೊನಿಡಜೋಲ್ ಸೇರಿಸಿ ಎರಡೂ ಸಾಧ್ಯತೆಗಳಿಗೆ ಚಿಕಿತ್ಸೆ ಕೊಡುತ್ತ ಹೋಗುವುದು ವಿವೇಕದ ಮಾರ್ಗ. ಅಮೀಬಾ ಎಂದೇ ತೀರ್ಮಾನವಾದರೆ, ಬಾವು ವಾಸಿಯಾದ ಮೇಲೆ ಕರುಳಿನಲ್ಲಿ ಉಳಿದ ಅಮೀಬಾಗಳನ್ನು ತೆಗೆಯಲು ಡೈಲಾಕ್ಸನೈಡ್ ಫ್ಯೂರೋಯೇಟ್‌ನಂಥ ಮಾತ್ರೆಗಳನ್ನು ಹತ್ತು ದಿನ ಕೊಡಬೇಕೆಂಬುದು ಎಷ್ಟೋ ಡಿಸ್ಚಾರ್ಜ್ ಚೀಟಿಗಳಲ್ಲಿ ಬಿಟ್ಟುಹೋಗುತ್ತದೆ.

ಪಿತ್ತನಾಳದ ದಾರಿ ಮತ್ತು ಪೋರ್ಟಲ್ ದಾರಿ

ಬ್ಯಾಕ್ಟೀರಿಯಾದ ಬಾವು ಎಂದು ಗೊತ್ತಾದ ಮೇಲೆ ಅತ್ಯಂತ ಮುಖ್ಯವಾದ ಹೋಲಿಕೆ ಈ ಎರಡರದ್ದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗ, ಕ್ಯಾನ್ಸರ್ ಗಡ್ಡೆ ನಾಳವನ್ನು ಹಿಚುಕಿದಾಗ, ನಾಳ ತೆರೆದಿಡಲು ಹಿಂದೆ ಹಾಕಿದ ಸ್ಟೆಂಟ್ ಎಂಬ ಕೊಳವೆ ಕಟ್ಟಿಕೊಂಡಾಗ, ಕಾಶ್ಮೀರದಲ್ಲಿ ಹೆಚ್ಚಾಗಿ ವರದಿಯಾಗಿರುವಂತೆ ಜಂತುಹುಳು ನಾಳದೊಳಗೆ ನುಗ್ಗಿದಾಗ, ನಿಂತ ಪಿತ್ತದಲ್ಲಿ ಸೋಂಕು ಹುಟ್ಟಿ ಮೇಲಕ್ಕೆ ಏರುತ್ತದೆ. ನಾಳಗಳು ಮರದ ಕೊಂಬೆಗಳಂತೆ ಯಕೃತ್ತಿನ ಎರಡೂ ಹಾಲೆಗಳಿಗೆ ಹರಡಿರುವುದರಿಂದ ಬಾವುಗಳು ಹಲವಾಗಿ, ಸಣ್ಣದಾಗಿ, ಎರಡೂ ಕಡೆ ಏಳುತ್ತವೆ. ರೋಗಿ ಒಂದೆರಡು ದಿನಗಳಲ್ಲೇ ಕುಸಿಯುತ್ತಾನೆ: ನಡುಕದ ಜ್ವರ, ಕಾಮಾಲೆ, ಬಲ ಮೇಲ್ಹೊಟ್ಟೆಯ ನೋವು ಒಟ್ಟಿಗೆ ಬರುತ್ತವೆ. 19ನೇ ಶತಮಾನದ ಫ್ರೆಂಚ್ ವೈದ್ಯ ಶಾರ್ಕೊ ಈ ಮೂರನ್ನು ಒಟ್ಟಿಗೆ ಹೇಳಿದ. ರಕ್ತದೊತ್ತಡ ಇಳಿಯುವುದು ಮತ್ತು ಮಂಪರು ಎಂಬ ಇನ್ನೆರಡನ್ನು 1959ರಲ್ಲಿ ರೆನಾಲ್ಡ್ಸ್ ಸೇರಿಸಿದ. ಈ ಐದೂ ಕೂಡಿದ ರೋಗಿಯನ್ನು ರಾತ್ರಿ ಎಷ್ಟು ಹೊತ್ತಾದರೂ ಇಆರ್‌ಸಿಪಿ (ಬಾಯಿಯ ಮೂಲಕ ಎಂಡೊಸ್ಕೋಪ್ ಇಳಿಸಿ ಪಿತ್ತನಾಳ ಬಿಡಿಸುವ ವಿಧಾನ) ಸೌಲಭ್ಯವಿರುವ ಆಸ್ಪತ್ರೆಗೆ ಕಳಿಸಬೇಕು, ಏಕೆಂದರೆ ಇಲ್ಲಿ ಬಾವಿಗೆ ಸೂಜಿ ಹಾಕುವುದಕ್ಕಿಂತ ಕಟ್ಟಿದ ಪಿತ್ತವನ್ನು ಬಿಡಿಸುವುದೇ ಜೀವ ಉಳಿಸುವ ಕೆಲಸ. ಸಿಗುವ ಬ್ಯಾಕ್ಟೀರಿಯಾಗಳು ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಎಂಟೆರೊಕಾಕಸ್. ಸೆಫ್ಟ್ರಿಯಾಕ್ಸೋನ್ ಎಂಟೆರೊಕಾಕಸ್ ಮೇಲೆ ಕೆಲಸ ಮಾಡುವುದಿಲ್ಲ ಎಂಬುದನ್ನು ಮರೆಯಬಾರದು. ಸ್ಟೆಂಟ್ ಇರುವವರಲ್ಲಿ, ಹಿಂದೆ ಹಲವು ಬಾರಿ ಆಸ್ಪತ್ರೆ ಸೇರಿದವರಲ್ಲಿ ಔಷಧಕ್ಕೆ ಬಗ್ಗದ ಬಗೆಗಳಿರುವ ಸಂಭವವೂ ಹೆಚ್ಚು. ಕ್ಯಾನ್ಸರ್‌ನಿಂದ ನಾಳ ಮುಚ್ಚಿ ಬಂದ ಬಾವುಗಳು ಎಲ್ಲಕ್ಕಿಂತ ಕೆಟ್ಟ ಫಲಿತಾಂಶ ಕೊಡುವಂಥವು.

ಪೋರ್ಟಲ್ ದಾರಿಯ ಕಥೆ ಬೇರೆ. ಅಪೆಂಡಿಕ್ಸ್‌ನ ಉರಿಯೂತ, ದೊಡ್ಡ ಕರುಳಿನ ಡೈವರ್ಟಿಕ್ಯುಲೈಟಿಸ್ (ಗೋಡೆಯ ಸಣ್ಣ ಚೀಲಗಳ ಉರಿಯೂತ), ಕರುಳಿನ ದೀರ್ಘಕಾಲದ ಉರಿಯೂತ, ಕರುಳಿನ ಕ್ಯಾನ್ಸರ್ ಇವುಗಳಲ್ಲಿ ಒಂದರಿಂದ ಬ್ಯಾಕ್ಟೀರಿಯಾಗಳು ಅಭಿಧಮನಿಯನ್ನು ಹೊಕ್ಕು ಮೇಲಕ್ಕೆ ತೇಲಿ ಬರುತ್ತವೆ. ಆಲ್ಟನ್ ಆಕ್ಸ್‌ನರ್ ಮತ್ತು ಮೈಕೇಲ್ ಡಿಬೇಕಿ 1938ರಲ್ಲಿ ಅಮೆರಿಕದಿಂದ ಪ್ರಕಟಿಸಿದ ಹೆಸರಾಂತ ವರದಿಯಲ್ಲಿ ಅಪೆಂಡಿಕ್ಸ್‌ನ ಸೋಂಕೇ ಪ್ರಮುಖ ಕಾರಣವಾಗಿತ್ತು, ರೋಗಿಗಳಲ್ಲಿ ಹೆಚ್ಚಿನವರು ಯುವಕರು. ಆ್ಯಂಟಿಬಯೋಟಿಕ್‌ಗಳೂ ಸಕಾಲದ ಶಸ್ತ್ರಚಿಕಿತ್ಸೆಯೂ ಬಂದ ಮೇಲೆ ಆ ಚಿತ್ರ ಬದಲಾಗಿ, ಇಂದು ಹೆಚ್ಚಿನ ದೇಶಗಳ ವರದಿಗಳಲ್ಲಿ ಪಿತ್ತನಾಳದ ರೋಗ ಮುಂದಿದೆ, ರೋಗಿಗಳ ವಯಸ್ಸೂ ಏರಿದೆ. ಆದರೂ ಎರಡು ವಾರದ ಹಿಂದೆ ಹೊಕ್ಕುಳ ಸುತ್ತ ಶುರುವಾಗಿ ಬಲಕ್ಕೆ ಸರಿದ ನೋವು ಬಂದಿತ್ತು, ಮೆಡಿಕಲ್ ಅಂಗಡಿಯ ಮಾತ್ರೆಗೆ ತಗ್ಗಿತು, ಈಗ ಸಂಜೆ ಸಂಜೆ ಜ್ವರ ಎಂದು ಹೇಳುವ ಯುವಕ ಈಗಲೂ ಬರುತ್ತಾನೆ. ಕೇಳದಿದ್ದರೆ ಆ ಹಳೆಯ ನೋವನ್ನು ಅವನಾಗಿ ಹೇಳುವುದಿಲ್ಲ.

ಈ ದಾರಿಯ ಬಾವು ಸಾಮಾನ್ಯವಾಗಿ ಒಂದೇ ಇರುತ್ತದೆ, ದೊಡ್ಡದಿರುತ್ತದೆ, ಬಲಹಾಲೆಯಲ್ಲಿರುತ್ತದೆ. ಬಲಹಾಲೆ ಗಾತ್ರದಲ್ಲಿ ದೊಡ್ಡದು, ಪೋರ್ಟಲ್ ರಕ್ತದ ಹೆಚ್ಚು ಭಾಗ ಹೋಗುವುದೂ ಅಲ್ಲಿಗೇ. ಲಕ್ಷಣಗಳು ವಾರಗಟ್ಟಲೆ ಮೆಲ್ಲಗೆ ಬೆಳೆಯುತ್ತವೆ, ಕಾಮಾಲೆ ಇರುವುದಿಲ್ಲ ಅಥವಾ ನಸುವಾಗಿರುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಪೋರ್ಟಲ್ ಅಭಿಧಮನಿಯೊಳಗೆ ಹೆಪ್ಪು ಕಂಡರೆ ಆ ಅಭಿಧಮನಿಗೇ ಸೋಂಕು ತಗುಲಿದೆ ಎಂದರ್ಥ, ಆಗ ಕೆಳಗಿನ ಕರುಳನ್ನು ಬಿಡದೆ ಹುಡುಕಬೇಕು. ಕೀವಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳು, ಇ. ಕೋಲೈ ಜೊತೆಗೆ ಬ್ಯಾಕ್ಟೆರಾಯ್ಡಿಸ್ ಮುಂತಾದವು ಸಿಗುತ್ತವೆ. ಸಿರಿಂಜಿನಲ್ಲಿ ಗಾಳಿ ಉಳಿಯದಂತೆ ಕೀವನ್ನು ಬೇಗ ಪ್ರಯೋಗಾಲಯಕ್ಕೆ ಕಳಿಸದಿದ್ದರೆ ಬ್ಯಾಕ್ಟೆರಾಯ್ಡಿಸ್‌ನಂಥವು ದಾರಿಯಲ್ಲೇ ಸತ್ತು, ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ ಎಂಬ ವರದಿ ಬರುತ್ತದೆ.

ಬಾಯಿ, ಹಲ್ಲು ಮತ್ತು ಕರುಳಿನಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಆಂಜಿನೋಸಸ್ ಗುಂಪಿನ ಬ್ಯಾಕ್ಟೀರಿಯಾಗಳಿಗೂ ಇಂಥದೇ ನಿಧಾನದ ಸ್ವಭಾವ ಇದೆ. ಅವು ಸಿಕ್ಕಾಗ ಹಲ್ಲು, ಕರುಳು ಎರಡನ್ನೂ ನೋಡಬೇಕು, ಮಿದುಳು ಮತ್ತು ಶ್ವಾಸಕೋಶದಲ್ಲೂ ಬಾವು ಇದೆಯೇ ಎಂದು ಯೋಚಿಸಬೇಕು.

ಉಳಿದ ದಾರಿಗಳು

ಅಪಧಮನಿಯ ಮೂಲಕ ಬಂದ ಸೋಂಕಿನಲ್ಲಿ ಯಕೃತ್ತು ಹಲವು ಬಲಿಗಳಲ್ಲಿ ಒಂದು ಮಾತ್ರ. ಚರ್ಮದಲ್ಲಿ ಕುರು, ಮೂಳೆಯಲ್ಲಿ ನೋವು, ಹೃದಯದಲ್ಲಿ ಹೊಸ ಮರ್ಮರ ಶಬ್ದ, ಡಯಾಲಿಸಿಸ್‌ಗಾಗಿ ಹಾಕಿದ ನಳಿಕೆ ಇವುಗಳಲ್ಲಿ ಒಂದು ಕಣ್ಣಿಗೆ ಬೀಳುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದರೆ ಹೃದಯದ ಎಕೊ ಪರೀಕ್ಷೆ ಮಾಡಿಸದೆ ರೋಗಿಯನ್ನು ಮನೆಗೆ ಕಳಿಸಬಾರದು. ಮಗುವಿಗೆ ಈ ಬ್ಯಾಕ್ಟೀರಿಯಾದಿಂದ ಮತ್ತೆ ಮತ್ತೆ ಬಾವು ಬಂದರೆ ಕ್ರಾನಿಕ್ ಗ್ರ್ಯಾನ್ಯುಲೊಮ್ಯಾಟಸ್ ಡಿಸೀಸ್ ಎಂಬ, ಬಿಳಿ ರಕ್ತಕಣಗಳ ಹುಟ್ಟುದೋಷವನ್ನು ನೆನೆಯಬೇಕು. ನವಜಾತ ಶಿಶುವಿನಲ್ಲಾದರೆ ಹೊಕ್ಕುಳಬಳ್ಳಿಯ ಸೋಂಕನ್ನು.

ಒಡೆದ ಪಿತ್ತಕೋಶ, ತೂತುಬಿದ್ದ ಹುಣ್ಣು ಮುಂತಾದ ನೆರೆಯ ರೋಗಗಳು ನೇರವಾಗಿ ಯಕೃತ್ತಿಗೆ ಹಬ್ಬುವುದುಂಟು. ಎಡಹಾಲೆಯಲ್ಲಿ ಒಂಟಿ ಬಾವು ಕಂಡು, ಔಷಧಕ್ಕೆ ತಗ್ಗಿ, ಅದೇ ಜಾಗದಲ್ಲಿ ಮತ್ತೆ ಬಂದರೆ ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೊರಬಂದ ಮೀನಿನ ಮುಳ್ಳನ್ನೋ ಹಲ್ಲುಕಡ್ಡಿಯನ್ನೋ ಸಿಟಿ ಚಿತ್ರದಲ್ಲಿ ಹುಡುಕಿ ನೋಡಬೇಕು; ನುಂಗಿದ್ದು ರೋಗಿಗೆ ನೆನಪಿರುವುದು ಅಪರೂಪ. ಯಕೃತ್ತಿನ ಗಡ್ಡೆಯನ್ನು ಸುಡುವ ಅಥವಾ ಅದರ ರಕ್ತನಾಳವನ್ನು ಮುಚ್ಚುವ ಚಿಕಿತ್ಸೆಯ ನಂತರವೂ ಬಾವು ಏಳಬಹುದು. ಹಿಂದೆ ಪಿತ್ತನಾಳವನ್ನು ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಆದವರಲ್ಲಿ ಆ ಅಪಾಯ ಬಹಳ ಹೆಚ್ಚು.

ಕ್ಲೆಬ್ಸಿಯೆಲ್ಲಾದ ಬಾವು: ಬೇರೆಯಾಗಿ ನೋಡಬೇಕಾದ್ದು

ಮೇಲಿನ ದಾರಿಗಳಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದ ಒಂದು ಬಗೆಯನ್ನು 1980ರ ದಶಕದಿಂದೀಚೆಗೆ ತೈವಾನಿನ ವೈದ್ಯರು ಜಗತ್ತಿನ ಗಮನಕ್ಕೆ ತಂದರು. 1986ರಲ್ಲಿ ಅವರು ಯಕೃತ್ತಿನ ಬಾವಿನ ಜೊತೆಗೆ ಕಣ್ಣಿನೊಳಗೂ ಕೀವು ತುಂಬಿದ ಏಳು ರೋಗಿಗಳನ್ನು ವರದಿ ಮಾಡಿದರು. ಕಾರಣ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ. ಈ ರೋಗಿಗಳಲ್ಲಿ ಪಿತ್ತದ ಕಲ್ಲಿರುವುದಿಲ್ಲ, ಅಪೆಂಡಿಕ್ಸ್ ಸರಿಯಿರುತ್ತದೆ, ಬಹಳಷ್ಟು ಮಂದಿಗೆ ಸಕ್ಕರೆ ಕಾಯಿಲೆ ಮಾತ್ರ ಇರುತ್ತದೆ. ಎಷ್ಟೋ ಬಾರಿ ಅದು ಇರುವುದೂ ಬಾವು ಬಂದ ದಿನವೇ ಗೊತ್ತಾಗುತ್ತದೆ. ಕೆ1 ಮತ್ತು ಕೆ2 ಎಂಬ ದಪ್ಪ ಹೊದಿಕೆಯ ತಳಿಗಳು ಬಿಳಿ ರಕ್ತಕಣಗಳಿಂದ ತಪ್ಪಿಸಿಕೊಂಡು ರಕ್ತದಲ್ಲಿ ಸಂಚರಿಸಿ ದೂರದ ಅಂಗಗಳಲ್ಲಿ ನೆಲೆಯೂರುತ್ತವೆ. ಕಲ್ಚರ್ ತಟ್ಟೆಯ ಮೇಲಿನ ವಸಾಹತನ್ನು ಲೂಪ್‌ನಿಂದ ಎತ್ತಿದರೆ ಲೋಳೆಯ ಎಳೆ 5 ಮಿಲಿಮೀಟರಿಗಿಂತ ಉದ್ದಕ್ಕೆ ಬಂದರೆ ಇಂಥ ತಳಿಯ ಸಂಶಯ ಬಲವಾಗುತ್ತದೆ. ಯಾವುದೇ ದುಬಾರಿ ಯಂತ್ರವಿಲ್ಲದೆ ಸಣ್ಣ ಪ್ರಯೋಗಾಲಯದಲ್ಲೂ ಮಾಡಬಹುದಾದ ಈ ಪರೀಕ್ಷೆಯನ್ನು ಕೇಳಿ ಮಾಡಿಸುವುದು ಒಳ್ಳೆಯದು.

ಬಾವಿನ ರೂಪವೂ ಬೇರೆ. ಒಂದೇ ಬಾವು, ಒಳಗೆ ಹಲವು ಗೋಡೆಗಳು, ನೋಡಿದರೆ ಗಟ್ಟಿ ಗಡ್ಡೆಯಂತೆ. ಕೀವು ಬಸಿಯುವ ಪಿಗ್‌ಟೇಲ್ ಎಂಬ ನಳಿಕೆ ಹಾಕಿದರೂ ಮೊದಲ ದಿನಗಳಲ್ಲಿ ಹೆಚ್ಚು ಕೀವು ಬರುವುದಿಲ್ಲ, ಅದರಿಂದ ಕ್ಯಾನ್ಸರ್ ಇರಬಹುದೇ ಎಂಬ ಗಾಬರಿ ಹುಟ್ಟುತ್ತದೆ. ಬಾವಿನೊಳಗೆ ಗಾಳಿಯೂ ಕಾಣಬಹುದು. ಅದು ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾದ ಗುರುತು ಎಂದು ಹಲವರು ತಿಳಿಯುತ್ತಾರೆ. ಸಕ್ಕರೆ ಏರಿದ ಅಂಗಾಂಶದಲ್ಲಿ ಕ್ಲೆಬ್ಸಿಯೆಲ್ಲಾ ಮತ್ತು ಇ. ಕೋಲೈ ಕೂಡ ಗಾಳಿ ಉತ್ಪಾದಿಸುತ್ತವೆ.

ದೂರದ ಅಂಗಗಳಿಗೆ ಹಬ್ಬುವುದು ಸರಿಸುಮಾರು ಹತ್ತರಲ್ಲಿ ಒಬ್ಬರಲ್ಲಿ, ಕೆಲವು ವರದಿಗಳಲ್ಲಿ ಅದಕ್ಕಿಂತ ಹೆಚ್ಚು ಮಂದಿಯಲ್ಲಿ. ಕಣ್ಣು, ಮಿದುಳಿನ ಪೊರೆ, ಶ್ವಾಸಕೋಶ, ಪ್ರೋಸ್ಟೇಟ್, ತೊಡೆಯ ಸ್ನಾಯು ಇವು ಅದರ ಗುರಿಗಳು. ಎಲ್ಲಕ್ಕಿಂತ ನನ್ನನ್ನು ಕಾಡುವುದು ಕಣ್ಣು. ಜ್ವರದ ಗದ್ದಲದಲ್ಲಿ ಮಲಗಿರುವ ರೋಗಿ ಮಂಜುಮಂಜಾಗಿ ಕಾಣುತ್ತಿದೆ ಎಂದರೆ ಸಕ್ಕರೆ ಏರಿದ್ದರಿಂದ ಎಂದು ಸಮಾಧಾನ ಹೇಳುವುದು ಸುಲಭ, ಆದರೆ ಒಂದೆರಡು ದಿನ ತಡವಾದರೆ ಆ ಕಣ್ಣಿನ ದೃಷ್ಟಿ ಮರಳುವುದಿಲ್ಲ. ಎಷ್ಟು ಬೇಗ ಚಿಕಿತ್ಸೆ ಸಿಕ್ಕಿದರೂ ದೃಷ್ಟಿ ಪೂರ್ತಿ ಉಳಿಯದಿರುವುದೇ ಹೆಚ್ಚು. ಕ್ಲೆಬ್ಸಿಯೆಲ್ಲಾ ಬಾವಿನ ರೋಗಿಯನ್ನು ದಿನವೂ ಕಣ್ಣು ಕೆಂಪಾಗಿದೆಯೇ, ಓದಲು ಆಗುತ್ತಿದೆಯೇ, ತಲೆನೋವಿದೆಯೇ ಎಂದು ಕೇಳಬೇಕು, ಒಂದಕ್ಕೆ ಹೌದೆಂದರೂ ಅಂದೇ ತಜ್ಞರಿಗೆ ತೋರಿಸಬೇಕು. ಮನೆಯವರೂ ಈ ಪ್ರಶ್ನೆಗಳನ್ನು ಕೇಳಬಹುದು, ಅದಕ್ಕೆ ಯಾವ ತರಬೇತಿಯೂ ಬೇಡ.

ಇದೇ ಬ್ಯಾಕ್ಟೀರಿಯಾ ಪಿತ್ತನಾಳದ ದಾರಿಯಲ್ಲೂ ಬರುತ್ತದೆ ಎಂಬುದು ಗೊಂದಲಕ್ಕೆ ಎಡೆಮಾಡುತ್ತದೆ. ಸ್ಟೆಂಟ್ ಇರುವ ಕ್ಯಾನ್ಸರ್ ರೋಗಿಯ ಕ್ಲೆಬ್ಸಿಯೆಲ್ಲಾ ಔಷಧಕ್ಕೆ ಬಗ್ಗದಿರುವುದಕ್ಕೆ ಹೆದರಬೇಕಾದ್ದು. ಮನೆಯಿಂದ ನೇರ ಬಂದ ಸಕ್ಕರೆ ಕಾಯಿಲೆಯವರ ಕ್ಲೆಬ್ಸಿಯೆಲ್ಲಾ ಸಾಂಪ್ರದಾಯಿಕವಾಗಿ ಸಾಮಾನ್ಯ ಸೆಫಲೊಸ್ಪೊರಿನ್‌ಗೂ ಬಗ್ಗುತ್ತದೆ, ಅದು ಹರಡುವುದಕ್ಕೆ ಹೆದರಬೇಕಾದ್ದು. ಈಚೆಗೆ ಈ ಎರಡು ಗುಣಗಳೂ ಒಂದೇ ತಳಿಯಲ್ಲಿ ಸೇರಿದ ವರದಿಗಳು ಚೀನಾದಿಂದಲೂ ಭಾರತದಿಂದಲೂ ಬಂದಿವೆ.

ಕರಾವಳಿಯ ಮಳೆಗಾಲದಲ್ಲಿ ನೆನೆಯಬೇಕಾದ ಇನ್ನೊಂದು

1911ರಲ್ಲಿ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಗುರುತಿಸಿ ಮರುವರ್ಷ ಪ್ರಕಟಿಸಿದ ಮೆಲಿಯಾಯ್ಡೋಸಿಸ್, ಮಣ್ಣು ಮತ್ತು ನೀರಿನಲ್ಲಿ ಬದುಕುವ ಬರ್ಖೋಲ್ಡೇರಿಯಾ ಸ್ಯೂಡೊಮಲ್ಲೈ ಎಂಬ ಬ್ಯಾಕ್ಟೀರಿಯಾದ ಕಾಯಿಲೆ. ಥಾಯ್ಲೆಂಡ್ ಮತ್ತು ಉತ್ತರ ಆಸ್ಟ್ರೇಲಿಯಾದ ರೋಗವೆಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದರೂ, ಉಡುಪಿ ಮತ್ತು ದಕ್ಷಿಣ ಕನ್ನಡದ ರೋಗಿಗಳಲ್ಲಿ ಇದನ್ನು ಮಣಿಪಾಲ ಮತ್ತು ಮಂಗಳೂರಿನ ವೈದ್ಯಕೀಯ ಕಾಲೇಜುಗಳು ಪದೇಪದೇ ವರದಿ ಮಾಡಿವೆ. ಗದ್ದೆ ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವ, ಸಕ್ಕರೆ ಕಾಯಿಲೆ ಇರುವ ನಡುವಯಸ್ಸಿನ ಗಂಡಸು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ ಜ್ವರದಿಂದ ಬಂದು, ಸ್ಕ್ಯಾನಿಂಗ್‌ನಲ್ಲಿ ಯಕೃತ್ತಿನ ಜೊತೆಗೆ ಗುಲ್ಮದಲ್ಲೂ (ಸ್ಪ್ಲೀನ್) ಸಣ್ಣ ಸಣ್ಣ ಬಾವುಗಳು ಕಂಡರೆ ನನ್ನ ಮನಸ್ಸು ಮೊದಲು ಇಲ್ಲಿಗೇ ಹೋಗುತ್ತದೆ. ಯಕೃತ್ತಿನ ಬಾವು ಜೇನುಗೂಡಿನಂತೆ ಒಳಗೆ ಸಣ್ಣ ಕೋಣೆಗಳಾಗಿ ಕಾಣುವುದು, ಜೊತೆಗೆ ನ್ಯುಮೋನಿಯಾ, ಕೀಲಿನ ಕೀವು ಅಥವಾ ಪ್ರೋಸ್ಟೇಟ್‌ನ ಬಾವು ಇರುವುದು ಸಂಶಯವನ್ನು ಗಟ್ಟಿಮಾಡುತ್ತವೆ. ಕ್ಲೆಬ್ಸಿಯೆಲ್ಲಾ ರೋಗಿಗೂ ಇವನಿಗೂ ಸಕ್ಕರೆ ಕಾಯಿಲೆ, ಜ್ವರ, ಹಲವು ಅಂಗಗಳ ಸೋಂಕು ಎಲ್ಲ ಒಂದೇ. ಗುಲ್ಮದ ಬಾವು, ಮಣ್ಣಿನ ಕೆಲಸ, ಮಳೆಗಾಲ ಈ ಮೂರು ಅವರನ್ನು ಬೇರ್ಪಡಿಸಲು ನೆರವಾಗುತ್ತವೆ.

ಇಷ್ಟೊಂದು ಒತ್ತು ಕೊಡಲು ಕಾರಣವಿದೆ. ನಾವು ರೂಢಿಯಂತೆ ಶುರುಮಾಡುವ ಸೆಫ್ಟ್ರಿಯಾಕ್ಸೋನ್ ಇದರ ಮೇಲೆ ನಂಬುವಂತೆ ಕೆಲಸ ಮಾಡುವುದಿಲ್ಲ, ಜೆಂಟಮೈಸಿನ್ ಸಾಮಾನ್ಯವಾಗಿ ಕೆಲಸ ಮಾಡುವುದೇ ಇಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಅನ್ನು ಕನಿಷ್ಠ ಎರಡು ವಾರ, ಅಂಗಗಳಲ್ಲಿ ಬಾವಿದ್ದರೆ ನಾಲ್ಕು ವಾರದವರೆಗೂ ರಕ್ತನಾಳದ ಮೂಲಕ ಕೊಟ್ಟು, ಆಮೇಲೆ ಕೋಟ್ರೈಮೊಕ್ಸಜೋಲ್ ಮಾತ್ರೆಗಳನ್ನು ಮೂರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ಜ್ವರ ಬಿಟ್ಟು ಕೆಲಸಕ್ಕೆ ಹೋಗಲು ಶುರುಮಾಡಿದ ಮನುಷ್ಯ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಪ್ರಯೋಗಾಲಯದಲ್ಲೂ ಇದು ಸ್ಯೂಡೊಮೊನಾಸ್ ಎಂದೋ, ಕಲ್ಚರ್‌ಗೆ ಹೊರಗಿನಿಂದ ಸೇರಿದ ಕಲ್ಮಶ ಎಂದೋ ತಪ್ಪಾಗಿ ಬದಿಗೆ ಹೋಗುವುದಿದೆ. ಆಕ್ಸಿಡೇಸ್ ಪಾಸಿಟಿವ್ ಆದ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಜೆಂಟಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗಿದರೆ ಮೈಕ್ರೊಬಯಾಲಜಿ ವಿಭಾಗಕ್ಕೆ ಫೋನ್ ಮಾಡಿ, ಇದು ಅದಿರಬಹುದೇ ಎಂದು ಕೇಳಬೇಕು.

ಔಷಧ ಮಾತ್ರವೋ, ಸೂಜಿಯೋ, ಪಿಗ್‌ಟೇಲೋ

ಮೂರು ಸೆಂಟಿಮೀಟರಿಗಿಂತ ಸಣ್ಣ ಬಾವುಗಳು ಹೆಚ್ಚಾಗಿ ಔಷಧದಿಂದಲೇ ವಾಸಿಯಾಗುತ್ತವೆ. ಐದು ಸೆಂಟಿಮೀಟರಿಗಿಂತ ದೊಡ್ಡದಕ್ಕೆ ಒಮ್ಮೆ ಸೂಜಿಯಲ್ಲಿ ತೆಗೆಯುವುದಕ್ಕಿಂತ ನಳಿಕೆ ಬಿಡುವುದೇ ಮೇಲು. ನಡುವಿನ ಗಾತ್ರದಲ್ಲಿ ಎರಡೂ ನಡೆಯುತ್ತವೆ. ಚಿಕಿತ್ಸೆ ಹಾಗಿರಲಿ, ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಲಾದರೂ ಒಮ್ಮೆ ಸೂಜಿ ಹಾಕುವುದನ್ನು ನಾನು ಆರಿಸಿಕೊಳ್ಳುತ್ತೇನೆ. ಅಮೀಬಾದ ಬಾವಿಗೆ ಹೆಚ್ಚಿನಂಶ ಔಷಧವೇ ಸಾಕು, ಎಡಹಾಲೆಯಲ್ಲಿದ್ದು ಹೃದಯದ ಪೊರೆಗೆ ಒಡೆಯುವ ಭಯವಿದ್ದರೆ ಮಾತ್ರ ಬೇಗ ಬಸಿಯಬೇಕಾಗುತ್ತದೆ. ಹಲವು ಗೋಡೆಗಳಿದ್ದು ನಳಿಕೆಯಿಂದ ಖಾಲಿಯಾಗದ ಬಾವಿಗೆ, ಹೊಟ್ಟೆಯೊಳಗೆ ಒಡೆದ ಬಾವಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕುರಿ ಸಾಕುವ ಮನೆಗಳಿಂದ ಬಂದವರಲ್ಲಿ ಸೂಜಿ ಹಾಕುವ ಮುನ್ನ ಹೈಡಾಟಿಡ್ ಎಂಬ ಹುಳುವಿನ ನೀರುಚೀಲ ಅಲ್ಲವೇ ಎಂದು ಸ್ಕ್ಯಾನಿಂಗ್ ಮಾಡಿದವರನ್ನು ಕೇಳಿಕೊಳ್ಳಬೇಕು. ಅದರ ನೀರು ಹೊಟ್ಟೆಯೊಳಗೆ ಸೋರಿದರೆ ತೀವ್ರ ಅಲರ್ಜಿಯಿಂದ ಪ್ರಾಣಕ್ಕೇ ಅಪಾಯ.

ಒಟ್ಟು ಚಿಕಿತ್ಸೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅಷ್ಟೂ ದಿನ ಇಂಜೆಕ್ಷನ್ ಬೇಕೆಂದಿಲ್ಲ. ಕ್ಲೆಬ್ಸಿಯೆಲ್ಲಾ ಬಾವಿನಲ್ಲಿ ಬೇಗ ಮಾತ್ರೆಗೆ ಬದಲಿಸಿದರೂ ಫಲಿತಾಂಶ ಇಂಜೆಕ್ಷನ್‌ಗಿಂತ ಕಡಿಮೆಯಾಗುವುದಿಲ್ಲ ಎಂದು ಸಿಂಗಪುರದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ಬಳಸಿದ್ದು ಸಿಪ್ರೊಫ್ಲಾಕ್ಸಸಿನ್. ನಮ್ಮಲ್ಲಿ ಅದಕ್ಕೆ ಬಗ್ಗದ ತಳಿಗಳು ಹೆಚ್ಚಿರುವುದರಿಂದ ಕಲ್ಚರ್ ವರದಿ ಕೈಯಲ್ಲಿಲ್ಲದೆ ಅದನ್ನು ಅನುಕರಿಸಬಾರದು. ಜ್ವರ ಹೋಗಿ, ಹಸಿವು ಮರಳಿದ ಮೇಲೂ ಸ್ಕ್ಯಾನಿಂಗ್‌ನಲ್ಲಿ ಬಾವಿನ ಕುಳಿ ತಿಂಗಳುಗಟ್ಟಲೆ ಕಾಣುತ್ತದೆ. ರೋಗಿ ಚೆನ್ನಾಗಿದ್ದು ಕುಳಿ ಕುಗ್ಗುತ್ತಿದ್ದರೆ ಅದಕ್ಕಾಗಿ ಔಷಧವನ್ನು ಎಳೆಯಬೇಕಿಲ್ಲ.

ಮೂಲ ಸಿಗದಿದ್ದಾಗ

ಎಲ್ಲ ಹುಡುಕಿದ ಮೇಲೂ ಗಣನೀಯ ಸಂಖ್ಯೆಯ ರೋಗಿಗಳಲ್ಲಿ ದಾರಿ ತಿಳಿಯುವುದಿಲ್ಲ. ಇದನ್ನು ಮೂಲ ತಿಳಿಯದ ಬಾವು ಎಂದು ಬರೆದು ಕಡತ ಮುಚ್ಚುವ ಮೊದಲು ಮೂರು ಕೆಲಸಗಳು ಉಳಿದಿರುತ್ತವೆ ಎಂದು ನಾನು ಭಾವಿಸುತ್ತೇನೆ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಿಂದ ಅಡಗಿದ ಸಕ್ಕರೆ ಕಾಯಿಲೆಯನ್ನು ಹುಡುಕಬೇಕು. ಆಸ್ಪತ್ರೆಯಲ್ಲಿ ಸೋಂಕಿನ ನಡುವೆ ಏರಿದ ಒಂದು ಸಕ್ಕರೆ ಅಂಕಿಯಿಂದ ಅದು ನಿರ್ಧಾರವಾಗುವುದಿಲ್ಲ. ಬಾಯಿ ತೆರೆಸಿ ಹಲ್ಲುಗಳನ್ನು ನೋಡಬೇಕು. ಐವತ್ತು ದಾಟಿದವರಿಗೆ, ಕ್ಲೆಬ್ಸಿಯೆಲ್ಲಾ ಅಥವಾ ಸ್ಟ್ರೆಪ್ಟೊಕಾಕಸ್ ಬೆಳೆದವರಿಗೆ, ರಕ್ತಹೀನತೆ ಇರುವವರಿಗೆ, ಚೇತರಿಸಿಕೊಂಡ ಮೇಲೆ ಕೊಲೊನೊಸ್ಕೋಪಿ (ದೊಡ್ಡ ಕರುಳನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆ) ಮಾಡಿಸಬೇಕು. ಇಂಥ ಬಾವಿನ ನಂತರದ ದಿನಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾಗುವುದು ಸಾಮಾನ್ಯ ಜನರಿಗಿಂತ ಹೆಚ್ಚು ಎಂದು ತೈವಾನ್ ಮತ್ತಿತರ ದೇಶಗಳ ಅಧ್ಯಯನಗಳು ತೋರಿಸಿವೆ. ಡಿಸ್ಚಾರ್ಜ್ ಆದ ಖುಷಿಯಲ್ಲಿ ಈ ಪರೀಕ್ಷೆ ಬಿಟ್ಟುಹೋಗುವುದರಿಂದ ಅದರ ದಿನಾಂಕವನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆದು, ಜೊತೆಗೆ ಬಂದ ಮಗನಿಗೋ ಮಗಳಿಗೋ ಅದನ್ನು ಓದಿ ಹೇಳಿ ಕಳಿಸುವುದು ಒಳ್ಳೆಯದು.